ಗೊರವಂಕ ಹೇಳಿದ ಆಟ

ರೆಕ್ಕೆ ಮುರಿದು ಪೊಟರೆಯಲ್ಲೇ ಉಳಿದ ಗಂಡನಿಗಾಗಿ ಗೊರವಂಕ ಹಕ್ಕಿಯೊಂದು ಮರದ ತುದಿಯಲ್ಲಿ ಕೂತು, ಕೆಳಗೆ ಮೊಲಗಳು ಆಡುವ ಕಬಡ್ಡಿಯನ್ನು ಹನ್ನೆರಡು ವರ್ಷ ಕೂಗಿ ಹೇಳಿತು. ಸುತ್ತಿಗೊಮ್ಮೆ, "ಈಗಷ್ಟೇ ಕಿವಿಗೊಟ್ಟವರಿಗಾಗಿ ಅಂಕಗಳು ಮತ್ತೊಮ್ಮೆ" ಎನ್ನುತ್ತಿತ್ತು.

"ನಾವೆಲ್ಲ ಮೊದಲಿನಿಂದ ಇಲ್ಲೇ ಇದ್ದೇವಲ್ಲ, ಅಕ್ಕಾ!" ಎಂದು ಅಳಿಲು ಕೆಣಕುತ್ತಿತ್ತು.

"ನಿಮ್ಮ ಭಾವನಿಗೆ ನಡುವೆ ಜೊಂಪು ಹತ್ತುತ್ತದೆ ಕಣೋ."

ಒಂದು ಸಂಜೆ ಅಂಕಗಳು ಸಮನಾಗಿದ್ದಾಗ ಅಳಿಲು ಪೊಟರೆಯಿಂದ ಓಡಿಬಂತು. "ಅಕ್ಕಾ, ಸಾಕು ಮಾಡು. ಭಾವ ಹೋಗಿಬಿಟ್ಟರು."

ಗೊರವಂಕ ಪೊಟರೆಯತ್ತ ತಿರುಗಿ ನೋಡಿತು. ಕೆಳಗೆ ಮೊಲಗಳು ನಿಂತುಬಿಟ್ಟವು.

"ನೀವು ಆಡಿ," ಎಂದಿತು ಅದು. "ಅರ್ಧ ಆಟ ಹೇಳಿ ಅವರನ್ನು ಎಂದೂ ಕಳಿಸಿದವಳಲ್ಲ ನಾನು."

ಕೊನೆಯ ಅಂಕದವರೆಗೂ ಒಂದನ್ನೂ ಬಿಡದೆ ಹೇಳಿತು. ಗೆದ್ದವರ ಹೆಸರು ಹೇಳುವಾಗ ಮಾತ್ರ ದನಿ ಒಡೆಯಿತು. ಗೆದ್ದ ಮೊಲಗಳು ಕುಣಿಯಲಿಲ್ಲ.