ಅಜ್ಜಾರು ಆಡದ ಮಾತು

ಹೊಳೆದಂಡೆಯ ಮಠದಲ್ಲಿ ಒಬ್ಬ ಗುರುಗಳಿದ್ದರು. ಊರವರು ಅಜ್ಜಾರು ಅನ್ನುತ್ತಿದ್ದರು. ಸಂಜೆ ಅವರು ಆಡುವ ಮಾತು ಎಲ್ಲರ ಮೊಬೈಲಿಗೆ ಲೈವ್ ಹೋಗುತ್ತಿತ್ತು. ಅದನ್ನು ನೋಡಿಕೊಳ್ಳುವವನು ಶಿಷ್ಯ ಹಾಲಯ್ಯ.

ಆಚೆ ದಂಡೆಯ ಸಂಕವ್ವನಿಗೆ ಜ್ವರ ಬಂದು ಕಿವಿ ಹೋಗಿತ್ತು. ದಿನಾ ಮೊಬೈಲ್ ಹಿಡಿದು ಅಜ್ಜಾರ ಮುಖವನ್ನಷ್ಟೇ ನೋಡುತ್ತಿದ್ದಳು.

ಅವಳಿಗಾಗಿ ಹಾಲಯ್ಯ ಒಂದು ಉಪಾಯ ಮಾಡಿದ. ಚಿತ್ರದ ಕೆಳ ಅಂಚಿನ ಮೇಲೆ ಒಂದು ಕಪ್ಪು ಪಟ್ಟಿ ಕೂರಿಸಿದ. ಅಜ್ಜಾರು ಆಡಿದ ಹಾಗೆ ಅವನು ಟೈಪ್ ಮಾಡುವುದು, ಪಟ್ಟಿಯ ಮೇಲೆ ಬಿಳಿ ಅಕ್ಷರ ಓಡುವುದು.

"ಅಜ್ಜಾರ! ಬಂತ್ರಿ, ಬಂತು! ನೀವು ಅಂದದ್ದು ಅಂದಂಗ ಬರಾಕತ್ತೈತಿ!"

"ಕುಣೀಬ್ಯಾಡೋ. ವೈರ್ ಕಿತ್ತೀತು," ಅಂದರು ಅಜ್ಜಾರು. ಅವರಿಗೂ ನಗು.

ಅಂದು ಸಂಜೆ ಮಠದಲ್ಲಿ ಕುಳಿತವರ ನಡುವಿನಿಂದ ಊರಿನ ಹೊನ್ನಪ್ಪ ಎದ್ದು ನಿಂತ. ಹೆಂಡತಿಯನ್ನು ಮಣ್ಣು ಮಾಡಿ ಇನ್ನೂ ತಿಂಗಳಾಗಿರಲಿಲ್ಲ.

"ಅಜ್ಜಾರ, ಆಕಿ ಇಲ್ಲ. ನಾ ಏನ್ ಮಾಡ್ಲಿ?"

ಹಾಲಯ್ಯ ಹೊನ್ನಪ್ಪನ ಪ್ರಶ್ನೆಯನ್ನೂ ಪಟ್ಟಿಗೆ ಹಾಕಿದ. ಅಜ್ಜಾರು ಮಾತಾಡಲಿಲ್ಲ. ಅವನನ್ನೇ ನೋಡುತ್ತ ಕುಳಿತರು.

ಪಟ್ಟಿ ಖಾಲಿಯಾಯಿತು. ಕೆಟ್ಟುಹೋಯಿತು ಅಂದುಕೊಂಡಾಳು ಸಂಕವ್ವ! ಹಾಲಯ್ಯನ ಬೆರಳು ತಾವೇ ಓಡಿದವು: 'ದುಃಖಿಸಬೇಡ. ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ.'

ಬೆಳಗಾದರೆ ಸಂಕವ್ವ ಹರಿಗೋಲು ಹತ್ತಿ ಬಂದೇಬಿಟ್ಟಳು. ತನ್ನ ದನಿ ತನಗೇ ಕೇಳದು, ಅದಕ್ಕೆ ಕೂಗುವಳು.

"ನಿಮ್ಮ ಮಾತು ಕಂಡ್ನಿರಿ ಅಜ್ಜಾರ! ಕಣ್ಣಾರೆ ಕಂಡೆ!"

ಆಮೇಲೆ ಹಾಲಯ್ಯನ ಕಡೆ ತಿರುಗಿದಳು.

"ಆದ್ರ ಹೊನ್ನಪ್ಪಗ ಹಂಗ ಅಂದೋರು ಯಾರು? ಅಜ್ಜಾರ ತುಟಿ ಅಲುಗಲೇ ಇಲ್ಲ. ಅಕ್ಷರ ಮಾತ್ರ ಓಡಿದ್ವು."

ಹಾಲಯ್ಯ ಅವಳ ಮೊಬೈಲ್ ಇಸಿದುಕೊಂಡು ಬರೆದ: 'ನಾನು.'

"ಹಂಗಾರ ಉಳಿದದ್ದು ನಿಂದೋ, ಅಜ್ಜಾರದೋ? ನಾ ಹೆಂಗ ನಂಬ್ಲಿ? ಇದಕ್ಕಿಂತ ಬರೇ ಮುಖ ನೋಡೋದ ಚಲೋ ಇತ್ತು."

ಜಗಲಿಯ ಮೇಲೆ ಧೊಪ್ಪನೆ ಕುಳಿತಳು.

ಅಜ್ಜಾರು ಶಿಷ್ಯನಿಗೆ ಅಂದರು: "ನೀ ಬರದದ್ದನ್ನ ಹೊನ್ನಪ್ಪಗ ಹೇಳಿ ಬಾ. ಅವನ ಎದುರಿಗೆ ಕುಂತು ಹೇಳು."

ಹಾಲಯ್ಯ ಓಡಿದ. ಮರಳಿ ಬರುವಾಗ ಬಿಸಿಲು ಏರಿತ್ತು.

"ಹೇಳಿದ್ಯಾ?"

"ಬಾಯಿ ಬರಲಿಲ್ಲರಿ. ಅವ ರೊಟ್ಟಿ ಬಡಿಯಾಕತ್ತಿದ್ದ. ಬಡಿದಂಗ ಹರೀತಿತ್ತು. ನಾ ಸುಮ್ನ ಬಾಜೂಕ ಕುಂತೆ."

"ಅವ ಏನಂದ?"

"ಏನೂ ಇಲ್ರಿ. ಒಂದು ರೊಟ್ಟಿ ನನಗ ಕೊಟ್ಟ. ಸೀದಿತ್ತು. ಇಬ್ರೂ ತಿಂದ್ವಿ."

ಅಷ್ಟನ್ನೂ ಹಾಲಯ್ಯ ಸಂಕವ್ವನಿಗೆ ಬರೆದು ತೋರಿಸಿದ. ಓದಿದಳು. ಮತ್ತೊಮ್ಮೆ ಓದಿದಳು.

"ಇವತ್ತು ಸಂಜಿಗೂ ನೋಡ್ತೀನಿ. ಮತ್ತ ನಿನ್ನ ಮಾತು ತುರುಕಿದಿ ಅಂದ್ರ, ಮೊಬೈಲ್ ಹೊಳಿಗೆ! ಅದರ ಹಿಂದ ನೀನು!"

ಹಾಲಯ್ಯನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊತ್ತು ಇಳಿಯುವ ಮೊದಲೇ ಕಂಪ್ಯೂಟರ್ ಮುಂದೆ ಕುಳಿತ. ಆಗ ಒಮ್ಮೆಲೇ ಅಜ್ಜಾರ ಕಡೆ ತಿರುಗಿದ.

"ಅಜ್ಜಾರ, ನೀವು ಮತ್ತ ಸುಮ್ನಾದ್ರ ನಾ ಏನ್ ಬರೀಲಿ?"

"ಪಟ್ಟಿ ಖಾಲಿ ಬಿಡು. ಸಂಕವ್ವ ಓದಿಕೊಂತಾಳ."