ಮಾಳವ್ವನ ಮರಿಗೆಯ ಗೆರೆ

ಬಹಳ ಹಿಂದೆ, ಯಾವ ಕಾಲವೆಂದು ನನ್ನನ್ನು ಕೇಳಬೇಡಿ, ನಮ್ಮಜ್ಜಿಯ ಅಜ್ಜಿಗೂ ಗೊತ್ತಿರಲಿಲ್ಲವಂತೆ, ಬೂದುಗುಡ್ಡದ ಕೆಳಗೆ ಒಂದು ಊರಿತ್ತು. ಆ ಊರಿನವರು ಗುಡ್ಡ ಅಗೆದು ಕಲ್ಲು ತರುತ್ತಿದ್ದರು, ಕಲ್ಲು ಸುಟ್ಟು ಸೀಸ ಇಳಿಸುತ್ತಿದ್ದರು. ಸೀಸವೆಲ್ಲ ದೊರೆಯ ಕೋವಿಗಳ ಗುಂಡಿಗೆ. ದೊರೆಗಳ ಜಗಳ ತೀರುತ್ತಿರಲಿಲ್ಲ, ಊರಿನ ಕುಲುಮೆ ಆರುತ್ತಿರಲಿಲ್ಲ. ಹೊಗೆ ಮೇಲೆದ್ದು ಧೂಳಾಗಿ ಇಳಿಯುತ್ತಿತ್ತಂತೆ. ಹೊಸ್ತಿಲ ಮೇಲೆ, ತೊಟ್ಟಿಲ ಮೇಲೆ, ಉಣ್ಣುವ ಮುದ್ದೆಯ ಮೇಲೆ. ಜನಕ್ಕೆ ಅದರ ಬೇಸರವೇ ಇರಲಿಲ್ಲ. ಹೊಟ್ಟೆಗೆ ಹಾಕುವ ಕುಲುಮೆ, ಅದು ತಾಯಿ, ಕುಲುಮೆವ್ವ ಅಂತ ಕೈಮುಗಿಯುತ್ತಿದ್ದರು.

ಆ ಊರಲ್ಲಿ ಮಾಳವ್ವ ಅಂತ ಒಬ್ಬಳಿದ್ದಳಂತೆ, ಜಲಗಾರರ ಪೈಕಿ. ಜಲಗಾರರ ಕೆಲಸ ನಿಮಗೇನು ಗೊತ್ತು? ಕುಲುಮೆಯ ಸುತ್ತಲಿನ ಕಸ ಗುಡಿಸಿ ಹಳ್ಳಕ್ಕೆ ಒಯ್ಯುವುದು. ಮರಿಗೆ ಅನ್ನುವ ಅಗಲವಾದ ಮರದ ಪಾತ್ರೆಯಲ್ಲಿ ನೀರು ಬೆರೆಸಿ ತಿರುಗಿಸುವುದು. ಹಗುರ ಮಣ್ಣು ನೀರಿನ ಜೊತೆ ಹೋಗುತ್ತದೆ, ಭಾರದ ಸೀಸ ತಳದಲ್ಲಿ ಕಪ್ಪು ಗೆರೆಯಾಗಿ ನಿಲ್ಲುತ್ತದೆ. ಮಾಳವ್ವ ಮರಿಗೆ ತಿರುಗಿಸಿದರೆ ಹಳ್ಳವೇ ನಿಂತು ನೋಡುತ್ತಿತ್ತಂತೆ. ಹೇಳುವವರ ಮಾತು ಅದು, ನಾನೇನೂ ನೋಡಿಲ್ಲ.

ಮಗಳು ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಮಾಳವ್ವನಿಗೆ ಉಳಿದದ್ದು ಮೊಮ್ಮಗಳು ಬೊಮ್ಮಿ ಒಬ್ಬಳೇ. ಬೊಮ್ಮಿ ಬಲು ಬಾಯಿಬಡುಕಿ, ಕಾಗೆ ಕೂತರೂ ಅದರ ಯೋಗಕ್ಷೇಮ ವಿಚಾರಿಸುವ ಹುಡುಗಿ. ಅಂಥವಳ ಮಾತು ಒಂದೊಂದಾಗಿ ಉದುರತೊಡಗಿತು. ಮೊದಲು ಹಕ್ಕಿಗಳ ಹೆಸರು ಮರೆತಳು, ಆಮೇಲೆ ಅಕ್ಕಪಕ್ಕದವರ ಹೆಸರು. ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುವಳು. ಎದ್ದರೆ ಹೊಸ್ತಿಲ ಧೂಳನ್ನು ಬೆರಳಲ್ಲಿ ಒರೆಸಿ ನೆಕ್ಕುವಳು. ಆ ಧೂಳು ಸಿಹಿಯಾಗಿರುತ್ತಿತ್ತಂತೆ. ಕೊನೆಗೆ ಅವಳ ಬಾಯಲ್ಲಿ ಉಳಿದದ್ದು ‘ಅಜ್ಜಿ’ ಅನ್ನುವ ಒಂದೇ ಮಾತು. ಅದೂ ಎಲ್ಲಿ ಹೋಗಿಬಿಡುತ್ತದೋ ಅಂತ ಮಾಳವ್ವನ ಜೀವ ಒದ್ದಾಡುತ್ತಿತ್ತು.

ಒಂದು ದಿನ ಬೊಮ್ಮಿಗೆ ನೀರು ಹೊಯ್ದವಳು, ಕೈಯ ರೂಢಿಯೋ ಏನೋ, ಮೈ ತೊಳೆದ ನೀರನ್ನು ಮರಿಗೆಗೆ ಸುರಿದು ತಿರುಗಿಸಿದಳು. ತಳದಲ್ಲಿ ಕಪ್ಪು ಗೆರೆ ನಿಂತಿತು. ಕುಲುಮೆಯ ಬಾಯಲ್ಲಿ ಗುಡಿಸಿದ ಕಸದಲ್ಲಿ ಬರುವಂಥದೇ ಗೆರೆ. ಪಕ್ಕದ ಮನೆಯ ಕೂಸಿನ ನೀರನ್ನು ಬೇಡಿ ತಂದಳು, ಎದುರು ಮನೆಯದನ್ನೂ ತಂದಳು. ದಪ್ಪ ಗೆರೆಯ ಮಕ್ಕಳೇ ಮಂಕು ಬಡಿದು ಕೂತಿದ್ದವು. ತೆಳು ಗೆರೆಯವು ಇನ್ನೂ ಆಡಿಕೊಂಡಿದ್ದವು.

ಮರಿಗೆಯನ್ನು ಹಾಗೇ ಎತ್ತಿಕೊಂಡು ಊರ ಕಟ್ಟೆಗೆ ಹೋದಳಂತೆ. “ನೋಡ್ರಪ್ಪ, ಇದು ನಮ್ ಕೂಸುಗಳ ಮೈಮ್ಯಾಗಿಂದ ಬಂದಿದ್ದು. ಮೈಮ್ಯಾಗೆ ಇಷ್ಟಿದ್ರೆ ಹೊಟ್ಟೆಯಾಗೆ ಎಷ್ಟಿರಬೇಕು?” ಅಂದಳಂತೆ. ಮಕ್ಕಳನ್ನಾದರೂ ಗುಡ್ಡದಾಚೆ ಇಡೋಣ ಅಂತ ಸೆರಗೊಡ್ಡಿ ಬೇಡಿದಳಂತೆ.

ಜನ ಗೆರೆಯನ್ನೇ ನೋಡಿದರು. ಹುಟ್ಟಿದಾಗಿಂದ ಆ ಗೆರೆ ನೋಡಿ ಬೆಳೆದವರು ಅವರು. ಗೆರೆ ದಪ್ಪ ಬಂದ ದಿನ ಅವರಿಗೆ ಒಳ್ಳೆಯ ದಿನ, ಮನೆಯಲ್ಲಿ ಪಾಯಸ. ಬೇರೆ ಯಾವ ಕಣ್ಣಿನಿಂದ ನೋಡಬೇಕಿತ್ತು, ಪಾಪ. ಹಿರಿಯನೊಬ್ಬ ಎದ್ದು, ಕುಲುಮೆವ್ವ ನಮ್ಮ ಮಕ್ಕಳ ಮೈಗೂ ಬಂದಳು ಅಂತ ಮರಿಗೆಗೆ ಅಡ್ಡಬಿದ್ದನಂತೆ.

ಮಾರನೆಯ ದಿನ ಮಾಳವ್ವನ ಬಾಗಿಲಿಗೆ, ಕೂಸಿನ ಮೈ ತೊಳೆದ ನೀರು ಹಿಡಿದ ತಾಯಂದಿರ ಸಾಲು. ಕೊನೆಗೂ ಇವರಿಗೆ ಭಯ ಹುಟ್ಟಿತು ಅಂತ ಮಾಳವ್ವ ಹಿಗ್ಗಿದಳು. ಸಣ್ಣೀರಿ ಅನ್ನುವವಳ ಮಗುವಿನ ನೀರಲ್ಲಿ ಕೂದಲೆಳೆಯಷ್ಟೇ ಗೆರೆ ಬಂತು. ನೀನು ಪುಣ್ಯವಂತೆ ಕಣೇ, ಅಂದಳು ಮಾಳವ್ವ. ಸಣ್ಣೀರಿಯ ಮುಖ ಬಾಡಿತು.

“ನಮ್ ಕೂಸಿಗೆ ಇಷ್ಟೇನಾ ಮಾಳವ್ವ? ನಾವೇನ್ ತಪ್ಪು ಮಾಡಿದ್ವಿ?”

ಅಲ್ಲಿಂದ ನೆಟ್ಟಗೆ ಹೋದವಳು ಮಗುವನ್ನು ಕುಲುಮೆಯ ಬಾಯ ಮುಂದೆ ಕೂರಿಸಿ, ಧೂಳನ್ನು ಬೊಗಸೆಯಲ್ಲಿ ತೆಗೆದು ಮೈಗೆಲ್ಲ ಹಚ್ಚಿದಳಂತೆ. ತೆಳು ಗೆರೆಯವರೆಲ್ಲ ಅವಳ ಹಿಂದೆಯೇ ಹೋದರಂತೆ. ಮಾಳವ್ವ ಓಡಿ ಬಂದು ಬೈದಳು, ಅತ್ತಳು, ಒಬ್ಬೊಬ್ಬರ ಕಾಲು ಹಿಡಿದಳು. ಎಂಥಾ ದೊಡ್ಡ ಗುಣ, ನಮ್ಮ ಕಾಲಿಗೆ ಬೀಳುತ್ತಾಳೆ ಅಂತ ಅವರೂ ಅವಳ ಕಾಲಿಗೆ ಬಿದ್ದರಂತೆ. ಹೊಟ್ಟೆ ಉರಿಯುತ್ತದೆ ಇದನ್ನು ಹೇಳುವಾಗ.

ಮಾಳವ್ವ ಮರಿಗೆಯನ್ನು ಕುಲುಮೆಯ ಬೆಂಕಿಗೆ ಎಸೆದು, ಬೊಮ್ಮಿಯನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದಳು. ಆಚೆ ಇಳಿದ ಮೇಲೆ ಬೊಮ್ಮಿಗೆ ಮಾತು ಮರಳಿತು ಅನ್ನುವವರಿದ್ದಾರೆ. ನಮ್ಮಜ್ಜಿ ಹಾಗೆ ಹೇಳುತ್ತಿರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಬೆನ್ನಿಂದ ಇಳಿಸಿ, ನಾನು ಯಾರು ಹೇಳವ್ವ ಅಂತ ಕೇಳಿದಾಗ, ಮಗು ಯಾರನ್ನೋ ನೋಡಿದ ಹಾಗೆ ನೋಡಿತಂತೆ. ಅದೇ ನಿಜವಿರಬೇಕು. ಒಳ್ಳೆಯದನ್ನಾದರೆ ಯಾರಾದರೂ ಕಟ್ಟಿ ಸೇರಿಸುತ್ತಾರೆ, ಇಂಥದನ್ನು ಯಾಕೆ ಸೇರಿಸುತ್ತಾರೆ?

ಊರವರು ಹೊಸ ಮರಿಗೆ ಕೆತ್ತಿಸಿದರು. ಅದಕ್ಕೆ ಮಾಳವ್ವನ ಮರಿಗೆ ಅಂತಲೇ ಹೆಸರಿಟ್ಟರು. ಕುಲುಮೆ ಆರಿ ಎಷ್ಟೋ ತಲೆಮಾರಾಯಿತು, ಬೂದಿ ಕೂಡ ಉಳಿದಿಲ್ಲ. ಆದರೂ ಆ ಊರಲ್ಲಿ ಕೂಸಿಗೆ ವರ್ಷ ತುಂಬಿದ ದಿನ ಮೈ ತೊಳೆದ ನೀರನ್ನು ಆ ಮರಿಗೆಯಲ್ಲಿ ತಿರುಗಿಸುತ್ತಾರೆ. ಅಂದು ಇಳಿದ ಧೂಳು ಮಣ್ಣಲ್ಲೇ ಇದೆಯಲ್ಲ, ಗೆರೆ ಇನ್ನೂ ಬರುತ್ತದೆ. ದಪ್ಪ ಬಂದರೆ ಊರಿಗೆಲ್ಲ ಬೆಲ್ಲ ಹಂಚುತ್ತಾರೆ. ತೆಳು ಬಂದರೆ ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮರಿಗೆಯ ಮುಂದೆ ಕೂತು ಬೇಡಿಕೊಳ್ಳುತ್ತಾಳೆ: ಮಾಳವ್ವ, ನನ್ನ ಕೂಸಿನ ಗೆರೆ ದಪ್ಪ ಮಾಡು ತಾಯಿ.