ಬಾಗಿಲಿಗೆ ಅಡ್ಡ ಕೂತ ತಿಪ್ಪಕ್ಕ

ಒಂದು ಕಾಡಿನಲ್ಲಿ ನಂಜಪ್ಪ ಪಂಡಿತ ಅಂತ ಒಬ್ಬ ನರಿ ವೈದ್ಯನಿದ್ದ. ಕಾಡಿಗೆಲ್ಲ ಅವನೊಬ್ಬನೇ ವೈದ್ಯ. ಇನ್ನೊಬ್ಬರು ಯಾರಾದರೂ ಇದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ ಬಿಡಿ.

ಈ ಪಂಡಿತ ಔಷಧಿ ಕೊಡುವ ಪದ್ಧತಿ ಕೇಳಿದರೆ ನಿಮಗೂ ಮೈ ಉರಿಯುತ್ತದೆ. ಬೆಳಿಗ್ಗೆ ಎದ್ದು ಬಿಲದಿಂದ ಹೊರಗೆ ಬರುತ್ತಿದ್ದ. ದೂರ ನಡೆಯಲು ಸೋಮಾರಿತನ. ಹತ್ತಿರದಲ್ಲಿ ಯಾವುದು ಸಿಕ್ಕಿತೋ ಅದನ್ನೇ ಒಂದು ಹೊರೆ ಕಿತ್ತು ತರುತ್ತಿದ್ದ. ಅವತ್ತು ಬಂದವರಿಗೆಲ್ಲ ಅದೇ ಔಷಧಿ. ಆಡುಸೋಗೆ ಸಿಕ್ಕಿದ ದಿನ ಎಲ್ಲರಿಗೂ ಕೆಮ್ಮು. ಅಳಲೆಕಾಯಿ ಸಿಕ್ಕಿದ ದಿನ ಎಲ್ಲರಿಗೂ ಹೊಟ್ಟೆ ಕೆಟ್ಟಿದೆ. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಕುಂಟುತ್ತಾ ಬಂದ ಮೊಲಕ್ಕೆ ಒಮ್ಮೆ ಅಳಲೆಕಾಯಿ ತಿನ್ನಿಸಿ ಕಳಿಸಿದ್ದ. ಪಾಪದ ಮೊಲ ಕುಂಟುಕಾಲಿನಲ್ಲೇ ದಿನವಿಡೀ ಪೊದೆಗೂ ಬಿಲಕ್ಕೂ ಓಡಾಡಿ ಸುಸ್ತಾಯಿತು.

ಅದೇ ಕಾಡಿನಲ್ಲಿ ತಿಪ್ಪಕ್ಕ ಎಂಬ ಚಿಪ್ಪುಹಂದಿ ಇದ್ದಳು. ಅವಳಿಗೆ ಚಿನ್ನಿ ಅಂತ ಒಬ್ಬಳೇ ಮಗಳು. ಚಿಪ್ಪುಹಂದಿಯ ಮರಿಗಳು ಅಮ್ಮನ ಬಾಲದ ಮೇಲೆ ಕೂತೇ ಕಾಡು ಸುತ್ತುತ್ತವೆ. ಕೈಯಲ್ಲಿ ಬಾಲವನ್ನು ಗಟ್ಟಿಯಾಗಿ ತಬ್ಬಿಕೊಂಡರೆ ಸೈ, ಅಮ್ಮ ಎಲ್ಲಿಗೆ ಹೋದರೂ ಮರಿ ಜೊತೆಗೇ. ಚಿರತೆ ಎದುರಾದರೆ ಅಮ್ಮ ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತಾಳೆ. ಆಮೇಲೆ ಯಾರು ಎಳೆದರೂ, ಎಷ್ಟು ಎಳೆದರೂ ಬಿಡಿಸಲು ಆಗುವುದಿಲ್ಲ. ಆದರೆ ಮರಿ ಬಾಲದಿಂದ ಜಾರಿ ಎಲ್ಲೋ ಬಿದ್ದುಹೋದರೆ ಮಾತ್ರ ದೇವರೇ ಗತಿ.

ಒಂದು ದಿನ ಚಿನ್ನಿಯ ಕಂಕುಳಲ್ಲಿ, ಚಿಪ್ಪಿನ ಸಂದಿಗೆ ಒಂದು ಉಣುಗು ಹೊಕ್ಕಿತು. ರಕ್ತ ಕುಡಿದು ಕುಡಿದು ಊದಿಕೊಂಡಿತು. ಸುತ್ತ ಬಾವು ಬಂತು. ಮಗು ಕೈ ಎತ್ತಿದರೆ ಅಳುತ್ತಿತ್ತು. ಅದನ್ನು ಕಚ್ಚಿ ಕೀಳೋಣ ಎಂದರೆ ಚಿಪ್ಪುಹಂದಿಗಳಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಉಗುರಿನಿಂದ ಕೀಳೋಣ ಎಂದರೆ ತಿಪ್ಪಕ್ಕನ ಉಗುರು ಹುತ್ತ ಒಡೆಯುವ ಉಗುರು, ಒಂದೊಂದೂ ಗುದ್ದಲಿ ಇದ್ದ ಹಾಗೆ. ಅದನ್ನು ಮಗುವಿನ ಮೆತ್ತನೆ ಕಂಕುಳಿಗೆ ಹಾಕಲು ಅವಳಿಗೆ ಧೈರ್ಯ ಬರಲಿಲ್ಲ. ನರಿಗಾದರೆ ಚೂಪಾದ ಹಲ್ಲಿದೆ, ವಿದ್ಯೆಯೂ ಇದೆ. ಸರಿ, ಪಂಡಿತರ ಹತ್ತಿರ ಹೊರಟಳು.

ಚಿಪ್ಪುಹಂದಿಗಳು ಹಗಲು ಮಲಗುವ ಪೈಕಿ. ತಿಪ್ಪಕ್ಕ ನಿದ್ದೆಗೆಟ್ಟು, ಬಿಸಿಲಿನಲ್ಲಿ, ರೋಗಿಗಳ ಸಾಲಿನಲ್ಲಿ ಕೂತಳು. ಕೂತು ಕೂತು ಸೊಂಟ ಹಿಡಿಯಿತು. ಕೊನೆಗೂ ಅವಳ ಸರದಿ ಬಂತು.

"ಪಂಡಿತರೇ, ನನ್ನ ಮಗಳಿಗೆ ಕಂಕುಳಲ್ಲಿ..."

"ಕೆಮ್ಮು" ಎಂದ ನರಿ. ತಲೆಯನ್ನೂ ಎತ್ತಲಿಲ್ಲ.

"ಕೆಮ್ಮಲ್ಲ ಪಂಡಿತರೇ. ಕಂಕುಳಲ್ಲಿ ಒಂದು..."

"ಕೆಮ್ಮು ಕಂಕುಳಿಗೆ ಇಳಿದಿದೆ. ಕೆಲವರಿಗೆ ಹಾಗಾಗುತ್ತೆ. ತಗೋ ಈ ಸೊಪ್ಪು, ಚೆನ್ನಾಗಿ ಜಗಿಯೋಕೆ ಹೇಳು."

"ಜಗಿಯೋಕೆ ನಮಗೆ ಹಲ್ಲೆಲ್ಲಿದೆ ಪಂಡಿತರೇ?"

"ಹಾಗಾದರೆ ನೆಕ್ಕೋಕೆ ಹೇಳು! ವೈದ್ಯ ನಾನೋ ನೀನೋ? ಹೂಂ, ಮುಂದಿನವರು ಬನ್ನಿ!"

ತಿಪ್ಪಕ್ಕ ಸೊಪ್ಪು ಹಿಡಿದು ಬೆಪ್ಪಾಗಿ ನಿಂತಳು. ಆಗ ನರಿಯ ಕಣ್ಣು ಅವಳ ಉಗುರಿನ ಮೇಲೆ ಬಿತ್ತು. ನೋಡಿ, ಮಗುವಿನ ಬಾವು ಕಾಣದ ಕಣ್ಣಿಗೆ ಅಮ್ಮನ ಉಗುರು ಎಷ್ಟು ಚೆನ್ನಾಗಿ ಕಂಡಿತು! ನರಿಯ ದನಿ ಬೆಣ್ಣೆಯಾಯಿತು.

"ತಿಪ್ಪಕ್ಕ, ನಿಲ್ಲಮ್ಮ. ನಿನ್ನ ಮಗಳದು ಸೂಕ್ಷ್ಮದ ಕಾಯಿಲೆ. ನಿಧಾನವಾಗಿ ನೋಡಬೇಕು. ನನ್ನ ಈ ಬಿಲ ನೋಡು, ಎಷ್ಟು ಇಕ್ಕಟ್ಟು! ರೋಗಿಯನ್ನು ಮಲಗಿಸೋಕೂ ಜಾಗ ಇಲ್ಲ. ಒಂದು ಕೋಣೆ ತೋಡಿಕೊಟ್ಟುಬಿಡು. ನಾಳೆ ಅಲ್ಲೇ ಮಲಗಿಸಿ ನೋಡೋಣ."

ತಿಪ್ಪಕ್ಕ ತೋಡಿದಳು. ಮಗಳ ಸಲುವಾಗಿ ತಾನೇ!

ಮಾರನೆಯ ದಿನ ಬಂದರೆ ಆ ಕೋಣೆಯಲ್ಲಿ ನರಿ ಕಾಲು ಚಾಚಿ ಮಲಗಿದ್ದ. ಅವತ್ತು ಸಿಕ್ಕಿದ್ದು ನೆಲಬೇವು. "ಜ್ವರ" ಎಂದ. "ಪಂಡಿತರೇ, ಒಂದೇ ಒಂದು ಸಲ ಕಂಕುಳು ನೋಡಿ" ಎಂದಳು ತಿಪ್ಪಕ್ಕ. "ನೋಡೋಣ, ನೋಡೋಣ. ಸೊಪ್ಪು ಇಡೋಕೆ ಒಂದು ಕೋಣೆ ಬೇಕಲ್ಲ" ಎಂದ ನರಿ. ಅದನ್ನೂ ತೋಡಿದಳು. ಆಮೇಲೆ ಊಟಕ್ಕೊಂದು ಕೋಣೆ ಬೇಕಾಯಿತು. ಆಮೇಲೆ ಬೇಸಿಗೆಗೆ ತಂಪಾಗಿರಲಿ ಅಂತ ಆಳದಲ್ಲಿ ಇನ್ನೊಂದು. ಪ್ರತಿ ಸಲವೂ "ನಾಳೆ ಖಂಡಿತ". ನರಿ ಪೆದ್ದನೇನಲ್ಲ. ಮಗು ವಾಸಿಯಾದರೆ ತಾಯಿ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ತಿಪ್ಪಕ್ಕನಿಗೆ ಹಲ್ಲಿದ್ದಿದ್ದರೆ ಹಲ್ಲು ಕಡಿಯುತ್ತಿದ್ದಳು. ಹಲ್ಲಿಲ್ಲದ್ದರಿಂದ ಮಣ್ಣು ಕೆರೆದಳು, ಅಷ್ಟೆ.

ಸಾಲಿನಲ್ಲಿ ಅವಳ ಪಕ್ಕ ಮಲ್ಲಜ್ಜ ಎಂಬ ಮುದಿ ಮುಳ್ಳುಹಂದಿ ಕೂರುತ್ತಿದ್ದ. ಒಂದು ದಿನ ಅವಳನ್ನು ಸಮಾಧಾನ ಮಾಡಲು ನೋಡಿದ.

"ಕಲಿತವರು ತಾಯಿ. ಏನೋ ಲೆಕ್ಕಾಚಾರ ಇರುತ್ತೆ. ತಾಳ್ಮೆ ತಗೋ."

"ನಿನಗೇನಾಗಿದೆ ಅಜ್ಜ?"

"ಎಡಗಿವಿ ನೋವು. ಮೊದಲು ಕೆಮ್ಮಿಗೆ ಕೊಟ್ಟರು. ಆಮೇಲೆ ಹೊಟ್ಟೆಗೆ ಕೊಟ್ಟರು."

"ಕಿವಿಯನ್ನು ನೋಡಿದರಾ?"

"ಅಯ್ಯೋ, ಅವರಿಗೆ ಪುರುಸೊತ್ತೆಲ್ಲಿ ತಾಯಿ?" ಎಂದ ಮಲ್ಲಜ್ಜ. ತಿಪ್ಪಕ್ಕ ಹಣೆ ಚಚ್ಚಿಕೊಂಡಳು.

ಅವತ್ತು ಸಂಜೆ ಮನೆಗೆ ಹೋಗುವಾಗ ಆಗಬಾರದ್ದು ಆಯಿತು. ಇಳಿಜಾರಿನಲ್ಲಿ ನಡೆಯುತ್ತಿದ್ದಾಗ ತಿಪ್ಪಕ್ಕನ ಬಾಲ ಹಗುರವಾಯಿತು. ತಿರುಗಿ ನೋಡಿದರೆ ಚಿನ್ನಿ ಇಲ್ಲ. ಮಗು ಹಿಂದೆ ದಾರಿಯ ಮಧ್ಯೆ ಬಿದ್ದಿತ್ತು. ಅದರಾಚೆ, ಬಂಡೆಯ ಮೇಲೆ, ಚಿರತೆ ಕೂತಿತ್ತು. ತಿಪ್ಪಕ್ಕ ಹೇಗೆ ಓಡಿದಳೋ ಅವಳಿಗೇ ತಿಳಿಯದು. ಮಗುವಿನ ಮೇಲೆ ಬಿದ್ದು, ಅವುಚಿಕೊಂಡು, ಗಟ್ಟಿಯಾಗಿ ಸುತ್ತಿಕೊಂಡಳು. ಚಿರತೆ ಬಂದು ಮೂಸಿತು. ಪಂಜದಿಂದ ಉರುಳಿಸಿತು. ಕಚ್ಚಿ ನೋಡಿತು. ಬೇಸರ ಬಂದು ಹೊರಟುಹೋಯಿತು.

"ಅಮ್ಮಾ, ಕೈಯಲ್ಲಿ ಹಿಡಿತ ನಿಲ್ಲಲ್ಲ ಅಮ್ಮಾ" ಎಂದಳು ಚಿನ್ನಿ ಒಳಗಿನಿಂದ. "ನಾನು ಬೇಕಂತ ಬಿಡಲಿಲ್ಲ."

ಆ ಮಾತು ಕೇಳಿ ತಿಪ್ಪಕ್ಕ ಮಗಳನ್ನು ಇನ್ನೂ ಗಟ್ಟಿಯಾಗಿ ಅವುಚಿಕೊಂಡಳು. ತಪ್ಪು ಯಾರದೋ, ಮಗು ತನ್ನದು ಅಂದುಕೊಂಡಿದೆಯಲ್ಲ! ಇನ್ನೊಂದು ಸಲ ಹೀಗೆ ಬಿದ್ದರೆ ಮಗಳು ಉಳಿಯುವುದಿಲ್ಲ ಅಂತ ಅವಳಿಗೆ ತಿಳಿದುಹೋಯಿತು. ಬೆಳಕಾಗುವುದನ್ನೇ ಕಾದು, ಚಿನ್ನಿಯನ್ನು ಬೆನ್ನ ಮೇಲೆ ಹಾಕಿಕೊಂಡು, ಪಂಡಿತನ ಬಿಲಕ್ಕೆ ಹೋದಳು. ಸಾಲಿನಲ್ಲಿ ನಿಲ್ಲಲಿಲ್ಲ. ನೇರ ಒಳಗೆ ನುಗ್ಗಿದಳು.

"ಪಂಡಿತರೇ, ನಿನ್ನೆ ಮಗು ಚಿರತೆ ಬಾಯಿಗೆ ಹೋಗಬೇಕಿತ್ತು. ಇವತ್ತು ನೋಡಲೇಬೇಕು."

"ಛೆ ಛೆ, ಪಾಪ! ನೋಡೇ ನೋಡ್ತೀನಿ" ಎಂದ ನರಿ, ಮೈ ಮುರಿಯುತ್ತಾ. "ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ. ಒಂದು ಹಿಂಬಾಗಿಲು ತೋಡಿಕೊಡು."

"ಹಿಂಬಾಗಿಲು ಯಾತಕ್ಕೆ?"

"ಇನ್ಯಾತಕ್ಕೆ? ಮುಂದೆ ನೋಡು, ಯಾವಾಗಲೂ ರೋಗಿಗಳು ಮುಕುರಿಕೊಂಡಿರ್ತಾರೆ. 'ಪಂಡಿತರೇ ಅದು, ಪಂಡಿತರೇ ಇದು.' ತಲೆ ಚಿಟ್ಟು ಹಿಡಿದುಹೋಗುತ್ತೆ! ಅವರ ಕಣ್ಣು ತಪ್ಪಿಸಿ ಹೋಗೋಕೆ ನನಗೂ ಒಂದು ದಾರಿ ಬೇಡವೇ?"

ತಿಪ್ಪಕ್ಕ ನರಿಯ ಮುಖವನ್ನೇ ನೋಡಿದಳು. ತಾನು ನಿದ್ದೆಗೆಟ್ಟು, ಉಗುರು ಸವೆಸಿ ತೋಡಿದ ಕೋಣೆಗಳನ್ನೆಲ್ಲ ಒಮ್ಮೆ ನೋಡಿದಳು. ಹೊರಗೆ ಬಿಸಿಲಲ್ಲಿ ಕೂತವರನ್ನು ನೆನೆದಳು. ಸಾಕಪ್ಪಾ ಸಾಕು ಅನ್ನಿಸಿತು. ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು.

ಚಿನ್ನಿಯನ್ನು ಮೆಲ್ಲಗೆ ನರಿಯ ಮುಂದೆ ಇಳಿಸಿದಳು. ತಾನು ಹಿಂದೆ ಹಿಂದೆ ಸರಿದು ಬಿಲದ ಬಾಯಿಗೆ ಹೋದಳು.

"ಇಗೋ ಇಲ್ಲಿ ರೋಗಿ. ಅಗೋ ಅಲ್ಲಿ ವೈದ್ಯ. ನಾನು ಬಾಗಿಲು" ಎಂದಳು. "ನೀವು ಮಗುವನ್ನು ನೋಡೋವರೆಗೂ ಈ ಬಾಗಿಲು ತೆಗೆಯಲ್ಲ."

ಹಾಗೆಂದವಳೇ ಸುತ್ತಿಕೊಂಡು ಕೂತುಬಿಟ್ಟಳು. ಬಿಲದ ಬಾಯಿ ಭದ್ರವಾಗಿ ಮುಚ್ಚಿಹೋಯಿತು.

ನರಿ ಮೊದಲು ನಕ್ಕ. ಆಮೇಲೆ ತಳ್ಳಿದ. ಅಲುಗಲಿಲ್ಲ. ಕಚ್ಚಿದ. ಚಿಪ್ಪಿಗೆ ಏನೂ ಆಗಲಿಲ್ಲ, ದವಡೆ ಜುಮ್ಮೆಂದಿತು. "ತಿಪ್ಪಕ್ಕ, ನೀನು ನನ್ನ ತಂಗಿ ಇದ್ದ ಹಾಗೆ" ಎಂದ. ಚೆಂಡು ಇನ್ನೂ ಬಿಗಿಯಾಯಿತು. "ವೈದ್ಯನ ಶಾಪ ತಟ್ಟುತ್ತೆ, ನೋಡ್ಕೋ!" ಎಂದ. ಕೊನೆಗೆ ಹೊರಗಿದ್ದವರನ್ನು ಕೂಗಿದ.

"ಯಾರಿದ್ದೀರಿ ಹೊರಗೆ? ಇವಳನ್ನು ಎಳೀರಿ! ನಾನು ಸಿಕ್ಕಿಹಾಕಿಕೊಂಡಿದ್ದೀನಿ!"

ಹೊರಗೆ ಗುಸುಗುಸು ನಡೆಯಿತು. ಹಿಂಬಾಗಿಲಿನ ಮಾತನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ಮಲ್ಲಜ್ಜ ಗಂಟಲು ಸರಿಮಾಡಿಕೊಂಡ.

"ಗಡಿಬಿಡಿ ಏನಿದೆ ಪಂಡಿತರೇ? ನಮಗೆ ಕಾದು ಕಾದು ಅಭ್ಯಾಸ ಆಗಿದೆ."

ಬಿಸಿಲೇರಿತು. ಬಿಲದಲ್ಲಿ ಗಾಳಿ ಇಲ್ಲ. ನರಿಗೆ ಹೊಟ್ಟೆ ಹಸಿಯಿತು, ಬಾಯಿ ಒಣಗಿತು. ಆ ಕೋಣೆಯಿಂದ ಈ ಕೋಣೆಗೆ ಸುತ್ತಿದ. ಕೋಣೆಗಳು ಬೇಕಾದಷ್ಟಿದ್ದವು, ಹೊರಗೆ ಹೋಗುವ ದಾರಿ ಮಾತ್ರ ಒಂದೇ. ಚಿನ್ನಿ ಮೂಲೆಯಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು. ಬೇರೆ ಏನೂ ಮಾಡಲು ತೋಚದೆ ನರಿ ಅವಳೆದುರು ಕುಕ್ಕರಿಸಿದ.

"ಏನಾಗಿದೆ ಮಗು? ಎಲ್ಲಿ ನೋವು?" ಎಂದ.

"ಇಲ್ಲಿ" ಎಂದು ಚಿನ್ನಿ ಕೈ ಎತ್ತಿದಳು.

ನರಿ ಬಗ್ಗಿ ನೋಡಿದ. ಚಿಪ್ಪಿನ ಸಂದಿಯಲ್ಲಿ ಉಣುಗು ಕಾಳಿನಂತೆ ಉಬ್ಬಿ ಕೂತಿತ್ತು. ಮುಂದಿನ ಹಲ್ಲಿನಿಂದ ಬುಡಕ್ಕೆ ಮೆಲ್ಲಗೆ ಹಿಡಿದ. ಒಂದೇ ಸಲಕ್ಕೆ ಕಿತ್ತ. ಕೋಣೆಯಲ್ಲಿ ರಾಶಿ ಬಿದ್ದಿದ್ದ ಸೊಪ್ಪಿನಲ್ಲಿ ಸರಿಯಾದ್ದನ್ನು ಆರಿಸಿ, ಜಗಿದು, ಗಾಯಕ್ಕೆ ಮೆತ್ತಿದ. ಚಿನ್ನಿ ಅಳಲಿಲ್ಲ. ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ಅಮ್ಮಾ, ನೋವು ಇಳೀತು!"

ತಿಪ್ಪಕ್ಕ ಸುರುಳಿ ಬಿಚ್ಚಿದಳು. ಓಡಿ ಬಂದು ಮಗಳ ಕಂಕುಳು ಮೂಸಿದಳು. ನರಿ ಮೀಸೆ ತಿರುವಿದ.

"ನೋಡಿದೆಯಾ ನನ್ನ ಕೈಗುಣ?"

"ಇಷ್ಟೇನಾ?" ಎಂದಳು ತಿಪ್ಪಕ್ಕ. "ಇಷ್ಟೇ ಇಷ್ಟು ಕೆಲಸಕ್ಕೆ ನನ್ನನ್ನು ಅಲೆಸಿದ್ದಾ? ಮೊದಲನೇ ದಿನವೇ 'ಎಲ್ಲಿ ನೋವು' ಅಂತ ಕೇಳಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು ಪಂಡಿತರೇ? ನನ್ನ ಮಗು ನಿನ್ನೆ ಸಾಯ್ತಿತ್ತು. ನಿಮಗೆ ಊಟದ ಕೋಣೆ ಬೇಕಾಗಿತ್ತು!"

ನರಿ ಮೀಸೆ ಬಿಟ್ಟು ಬಾಗಿಲ ಕಡೆ ಕಣ್ಣು ಹಾಯಿಸಿದ. ಬಾಗಿಲು ಖಾಲಿ ಇದೆ, ಮೊದಲು ಇಲ್ಲಿಂದ ಜಾಗ ಖಾಲಿ ಮಾಡೋಣ ಅಂದುಕೊಂಡ. ತಿಪ್ಪಕ್ಕ ಮಗಳನ್ನು ಎತ್ತಿಕೊಂಡು ಹೊರಗೆ ಹೋದದ್ದೇ ತಡ, ಹಿಂದೆಯೇ ನುಸುಳಲು ಮೂತಿ ಹಾಕಿದ. ಎದುರಿಗೆ ಮಲ್ಲಜ್ಜ ಬರುತ್ತಿದ್ದ. ಮೈ ಮೇಲಿನ ಮುಳ್ಳುಗಳೆಲ್ಲ ನೆಟ್ಟಗೆ ನಿಂತಿದ್ದವು. ದಾರಿ ತುಂಬ ಅವನೇ.

"ನಾನೇ ರೋಗಿ, ನಾನೇ ಬಾಗಿಲು ಪಂಡಿತರೇ" ಎಂದ ಮಲ್ಲಜ್ಜ. "ಎಡಗಿವಿ. ಕೆಮ್ಮು ಅಂದ್ರೆ ಹುಷಾರು!"

ಅವನ ಹಿಂದೆ ಕಾಡುಬೆಕ್ಕು, ಅದರ ಹಿಂದೆ ಮುಂಗುಸಿ, ಅದರ ಹಿಂದೆ ಉಳಿದವರು ಸಾಲಾಗಿ ನಿಂತಿದ್ದರು. ಕೊನೆಯ ರೋಗಿಯನ್ನು ನೋಡಿ ಮುಗಿಸುವವರೆಗೆ ನರಿಗೆ ಅನ್ನವೂ ಇಲ್ಲ, ನೀರೂ ಇಲ್ಲ. ಅಂದಿನಿಂದ ಆ ಕಾಡಿನಲ್ಲಿ ಅದೇ ರೂಢಿಯಾಯಿತು. ರೋಗಿ ಒಳಗೆ ಹೋದರೆ ರೋಗಿಯ ಕಡೆಯವರು ಬಿಲದ ಬಾಯಲ್ಲಿ ಅಡ್ಡ ಕೂರುತ್ತಿದ್ದರು. ಒಳಗಿನಿಂದ "ಎಲ್ಲಿ ನೋವು?" ಎಂಬ ಮಾತು ಕಿವಿಗೆ ಬೀಳುವವರೆಗೆ ಏಳುತ್ತಿರಲಿಲ್ಲ. ಪಂಡಿತ ದಿನದಿನಕ್ಕೆ ಸೊರಗಿ ಬಡಕಲಾದ. ಯಾರೂ ಅವನಿಗೆ ಅಯ್ಯೋ ಪಾಪ ಅನ್ನಲಿಲ್ಲ.

ಅವತ್ತು ತಿಪ್ಪಕ್ಕ ಮನೆಯ ದಾರಿ ಹಿಡಿದಾಗ ಚಿನ್ನಿ ಬಾಲದ ಮೇಲೆ ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಮಗು ಕೇಳಿತು.

"ಅಮ್ಮಾ, ಪಂಡಿತರು ಒಳ್ಳೆಯವರು ಅಲ್ವಾ? ಒಂಚೂರೂ ನೋವಾಗದ ಹಾಗೆ ಕಿತ್ತರು."

"ಹೌದು ಕಣೇ, ಚೆನ್ನಾಗೇ ಕಿತ್ತ" ಎಂದಳು ತಿಪ್ಪಕ್ಕ. "ಅದಕ್ಕೇ ನನಗೆ ಕೋಪ ಇನ್ನೂ ಇಳಿದಿಲ್ಲ. ಕೀಳೋಕೆ ಬರಲ್ಲ ಅಂದಿದ್ದರೆ ಕ್ಷಮಿಸಿಬಿಡ್ತಿದ್ದೆ. ಅವನಿಗೆ ಬರ್ತಿತ್ತು."

ಇಳಿಜಾರು ಬಂತು. ಚಿನ್ನಿ ಎರಡೂ ಕೈಯಲ್ಲಿ ಅಮ್ಮನ ಬಾಲವನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ನೀತಿ: ವೈದ್ಯನಾದವನು ಮೊದಲು ರೋಗಿಯ ಮಾತು ಕೇಳಬೇಕು, ನೋವಿರುವ ಜಾಗವನ್ನು ನೋಡಬೇಕು. ವಾಸಿಮಾಡುವ ವಿದ್ಯೆ ಇದ್ದೂ ತನ್ನ ಲಾಭಕ್ಕಾಗಿ ರೋಗಿಯನ್ನು ಅಲೆಸುವವನು ವಿದ್ಯೆ ಇಲ್ಲದವನಿಗಿಂತ ದೊಡ್ಡ ತಪ್ಪಿತಸ್ಥ.